ಗುಮಟೆಗೆ ಮೈಕ್ ಇಟ್ಟ ಕತೆ

ನನ್ನದು ಮೈಕ್‌ಸೆಟ್ ಕೆಲಸ. ಅಂಕೋಲಾ, ಕುಮಟಾ ಕಡೆ ಮದುವೆ, ಯಕ್ಷಗಾನ, ಗಣಪತಿ, ಶಾಲೆಯ ಗ್ಯಾದರಿಂಗ್, ಏನಿದ್ದರೂ ಟೆಂಪೋದಲ್ಲಿ ಬಾಕ್ಸು, ಆಂಪ್ಲಿ ಹೇರಿಕೊಂಡು ಹೋಗುತ್ತೇನೆ. ಹುಟ್ಟಿದ್ದು ಹಾಲಕ್ಕಿ ಒಕ್ಕಲಿಗರ ಕೊಪ್ಪದಲ್ಲಿ, ಅಂದರೆ ನಮ್ಮ ಜನರ ಕೇರಿಯಲ್ಲಿ. ನಮ್ಮಜ್ಜ ಗುಮಟೆ ಬಾರಿಸುತ್ತಿದ್ದರು. ನನಗೆ ಬಾರಿಸಲು ಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಈಗ ನಾಲ್ಕು ವರ್ಷದಿಂದ ನಮ್ಮೂರ ಗದ್ದೆಯಲ್ಲಿ ಒಂದು ರಾತ್ರಿಯ ಗುಮಟೆ ಹಬ್ಬ ಮಾಡುತ್ತಿದ್ದೇನೆ. ಹೇಗೆ ಶುರುವಾಯ್ತು ಅಂತ ತುಂಬಾ ಜನ ಕೇಳುತ್ತಾರೆ, ಅದಕ್ಕೇ ಇದು.

ಶುರುವಾಗಿದ್ದು ನನ್ನದೇ ತಪ್ಪಿನಿಂದ. 2018ರಲ್ಲಿ ಒಂದು ದೊಡ್ಡ ಉತ್ಸವ, ಹೆಸರು ಬೇಡ. ಸೌಂಡ್ ನಮ್ಮದು. ನಮ್ಮ ಕೊಪ್ಪದ ಗುಮಟೆ ಪಾಂಗಿನವರಿಗೆ (ಗುಮಟೆ ಬಾರಿಸಿ ಹಾಡುವ ತಂಡಕ್ಕೆ) ಐದು ನಿಮಿಷ ಕೊಟ್ಟಿದ್ದರು, ಅದೂ ಅತಿಥಿಗಳು ಬರುವುದು ತಡವಾಗಿದ್ದಕ್ಕೆ. ಹಾಡು ಇನ್ನೂ ಕುದುರಿಕೊಳ್ಳುತ್ತಿತ್ತು, ಅಷ್ಟರಲ್ಲಿ ಕಾರು ಬಂತು, ಯಾರೋ ಸೈಡಿನಿಂದ ಕೈ ತೋರಿಸಿ 'ಸಾಕು' ಅಂದರು. ಅವಮಾನ ಅದು ಸರಿ. ಆದರೆ ವಾಪಸ್ ಬರುವಾಗ ಟೆಂಪೋದಲ್ಲಿ ಗೌಡಜ್ಜ (ನಾವೆಲ್ಲ ಹಾಗೇ ಕರೆಯುವುದು, ನಮ್ಮಜ್ಜನ ಜೊತೆಗಾರ) ಅದರ ಸುದ್ದಿಯನ್ನೇ ಎತ್ತಲಿಲ್ಲ. "ತಮಾ, ನಮ್ಮ ಗುಮಟೆ ಸ್ವರ ಎಲ್ಲಿ ಹೋಯ್ತು? ಡಬ್ಬ ಬಡಿದ ಹಾಂಗೆ ಕೇಳ್ತು" ಅಂದರು.

ರಾತ್ರಿ ಅಂಗಡಿಗೆ ಬಂದು ಮಿಕ್ಸರ್ ನೋಡಿದೆ. ಆ ಚಾನೆಲ್‌ಗಳಲ್ಲಿ ಲೋ ಕಟ್ ಬಟನ್, ಅಂದರೆ ತಗ್ಗಿನ ಸ್ವರ ಕತ್ತರಿಸುವ ಬಟನ್, ಒತ್ತಿಯೇ ಇತ್ತು. ಭಾಷಣದ ಮೈಕಿಗೆ ಗುಂಯ್ ಅನ್ನುವ ಸದ್ದು ಬರಬಾರದು ಅಂತ ಅದನ್ನು ಒತ್ತುವುದು ನಮ್ಮ ಅಭ್ಯಾಸ. ಗುಮಟೆಯ ಜೀವ ಇರುವುದೇ ಆ ಗುಂಯ್‌ನಲ್ಲಿ! ಅಜ್ಜ ಬಾರಿಸಿದ ವಾದ್ಯದ ಸ್ವರವನ್ನು ನಾನೇ ಒಂದು ಬೆರಳಲ್ಲಿ ಕತ್ತರಿಸಿ ಹಾಕಿದ್ದೆ.

ನೋಡದವರಿಗೆ ಒಂದು ಮಾತು. ಗುಮಟೆ ಅಂದರೆ ಮಣ್ಣಿನ ಗಡಿಗೆ. ಎರಡು ಬಾಯಿ. ದೊಡ್ಡ ಬಾಯಿಗೆ ತೊಗಲು ಬಿಗಿದಿರುತ್ತದೆ, ಸಣ್ಣದು ಖಾಲಿ. ಬಲಗೈ ತೊಗಲಿನ ಮೇಲೆ, ಎಡ ಅಂಗೈ ಸಣ್ಣ ಬಾಯಿಯ ಹತ್ತಿರ. ಆ ಅಂಗೈಯನ್ನು ಮುಚ್ಚಿ ತೆರೆದು ಮಾಡಿದ ಹಾಗೆ ಒಳಗಿನ ಗಾಳಿ ಬಗ್ಗುತ್ತದೆ, ಸ್ವರ ಏರಿ ಇಳಿಯುತ್ತದೆ, ಯಾರೋ ಗಡಿಗೆಯೊಳಗೆ ಕೂತು ಹೂಂಗುಟ್ಟಿದ ಹಾಗೆ. ಜೊತೆಗೆ ತಾಳ, ಜಾಗಟೆ. ಸುಗ್ಗಿಯಲ್ಲಿ, ಚೌತಿಯಲ್ಲಿ ರಾತ್ರಿಯೆಲ್ಲ ಹಾಡು. ನಮ್ಮ ಹೆಂಗಸರ ಹಾಡಿಗೆ ಬಡಗೇರಿಯ ಸುಕ್ರಿ ಬೊಮ್ಮಗೌಡರಿಂದ ಹೆಸರು ಬಂತು, 2017ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಾಗ ಇಡೀ ಜಿಲ್ಲೆ ಕುಣಿದಿತ್ತು. ಗುಮಟೆಗೆ ಅಂಥ ಒಂದು ಮುಖ ಇರಲಿಲ್ಲ.

ಸರಿ, ನಾವೇ ಒಂದು ಹಬ್ಬ ಮಾಡೋಣ ಅಂತ ಹೊರಟೆ. ನನ್ನ ಲೆಕ್ಕದಲ್ಲಿ ಅದು ಸುಲಭ, ಸ್ಟೇಜು ನಂದು, ಮೈಕು ನಂದು. ಆಮೇಲೆ ವಾದ್ಯ ಎಣಿಸಿದೆ. ಕೊಪ್ಪದಲ್ಲಿ ಇದ್ದದ್ದು ಏಳು ಗುಮಟೆ, ಅದರಲ್ಲಿ ನಾಲ್ಕು ಬಿರುಕು ಬಿಟ್ಟಿದ್ದವು, ಒಂದರಲ್ಲಿ ಮನೆಯವರು ಬೀಜದ ಬತ್ತ ಇಟ್ಟಿದ್ದರು. ಮತ್ತೆ ಎಲ್ಲಕ್ಕೂ ಇದ್ದದ್ದು ಉಡದ ತೊಗಲು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ವಾದ್ಯ ಸತ್ತದ್ದಕ್ಕೆ ಎಲ್ಲರೂ ಮೊಬೈಲನ್ನು, ಡಿಜೆಯನ್ನು ಬೈಯುತ್ತಾರೆ. ನನ್ನ ಪ್ರಕಾರ ತೊಗಲಿನ ಕತೆಯೇ ಜಾಸ್ತಿ ಪೆಟ್ಟು ಕೊಟ್ಟಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡ ಮೊದಲನೇ ಪಟ್ಟಿಯ ಪ್ರಾಣಿ, ಹುಲಿ ಇರುವ ಪಟ್ಟಿ ಅದು. ಹಿಡಿದರೆ, ಕೊಂದರೆ ಕನಿಷ್ಠ ಮೂರು ವರ್ಷ ಜೈಲು. ಕಾಯ್ದೆ ಬೇಡ ಅಂತ ನಾನು ಹೇಳುವುದಿಲ್ಲ, ಉಡ ಉಳಿಯಬೇಕು. ಆದರೆ ಕಾಯ್ದೆ ಬಂದ ಮೇಲೆ ಗುಮಟೆಗೆ ಬೇರೆ ಯಾವ ತೊಗಲು ಹಾಕೋದು ಅಂತ ಯಾರೂ ಬಂದು ಹೇಳಲಿಲ್ಲ. ಹಳೇ ತೊಗಲು ಹರಿದರೆ ಗಡಿಗೆ ಅಟ್ಟ ಸೇರಿತು. ಹಿರಿಯರು ಹೊರಗೆ ತೆಗೆಯಲು ಹೆದರಿದರು. ಹೆದರಿ ಬಚ್ಚಿಟ್ಟ ವಾದ್ಯವನ್ನು ಮಕ್ಕಳು ನೋಡಿಯೇ ಇರಲಿಲ್ಲ, ಮತ್ತೆ ಕಲಿಯುವುದು ಎಲ್ಲಿಂದ?

ಗೋವಾದವರು ನಮಗಿಂತ ಮುಂದೆ ಇದ್ದರು. ಅಲ್ಲಿ ಇದಕ್ಕೆ ಘುಮಟ್ ಅನ್ನುತ್ತಾರೆ, ಗಣಪತಿ ಆರತಿಗೆ ಬೇಕೇ ಬೇಕು. ಅವರು ಆಡಿನ ತೊಗಲಿಗೆ ಬದಲಾದರು, 2019ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ವಾದ್ಯ ಅಂತ ಘೋಷಿಸಿತು. ನಾನು ಬೈಕ್ ಹತ್ತಿ ಕಾಣಕೋಣಕ್ಕೆ ಹೋದೆ. ಕಾರವಾರ ದಾಟಿದರೆ ಬಂತು, ಅಷ್ಟೇ ದೂರ. ಒಂದು ಘುಮಟ್ ಕೊಂಡು ತಂದು ಗೌಡಜ್ಜನ ಮುಂದೆ ಇಟ್ಟೆ. ಬಾರಿಸಿ ನೋಡಿ, "ಇದು ಅವರ ಸ್ವರ, ನಮ್ದಲ್ಲ" ಅಂದರು. ನನಗೆ ಎರಡರಲ್ಲಿ ಏನು ವ್ಯತ್ಯಾಸ ಅಂತಲೇ ಗೊತ್ತಾಗಲಿಲ್ಲ, ಸಿಟ್ಟೂ ಬಂತು. ಈಗ ಗೊತ್ತಾಗುತ್ತದೆ, ನಮ್ಮ ಗಡಿಗೆಯ ಹೊಟ್ಟೆ ಸ್ವಲ್ಪ ದೊಡ್ಡದು.

ಹಾಗಾಗಿ ಕುಂಬಾರರನ್ನು ಹುಡುಕಿದೆ. ಸಿಕ್ಕಿದ ಒಬ್ಬರು ಗುಮಟೆ ಮಾಡಿ ಇಪ್ಪತ್ತು ವರ್ಷದ ಮೇಲಾಗಿತ್ತು. ಹೂವಿನ ಕುಂಡ, ಹಣತೆ ಮಾಡಿಕೊಂಡಿದ್ದರು. "ಕೊಡಕ್ಕಾದರೆ ತಳ ಅಂತ ಒಂದು ಇರ್ತದೆ ತಮಾ, ಇದಕ್ಕೆ ಎರಡೂ ಬದಿ ಬಾಯಿ" ಅಂತ ಗೊಣಗಿದರು. ತಿಗರಿಯ ಮೇಲೆ ಒಂದು ಬಾಯಿ ಎತ್ತಿ, ಅರ್ಧ ಒಣಗಿದ ಮೇಲೆ ಬುಡವನ್ನು ತಂತಿಯಲ್ಲಿ ಕೊಯ್ದು ಇನ್ನೊಂದು ಬಾಯಿ ಮಾಡಿದರು. ದೊಡ್ಡ ಬಾಯಿಯ ಅಂಚು ಹೊರಗೆ ಮಡಚಿರಬೇಕು, ಇಲ್ಲವಾದರೆ ತೊಗಲು ಬಿಗಿಯುವ ಹುರಿ ಜಾರುತ್ತದೆ. ಹನ್ನೆರಡು ಸುಟ್ಟರು, ಏಳು ಉಳಿದವು. ಒಡೆದ ಐದಕ್ಕೂ ದುಡ್ಡು ಕೊಟ್ಟೆ. ಅದನ್ನು ಕೊಡದಿದ್ದರೆ ಅವರು ಎರಡನೇ ಸಲ ಒಪ್ಪುತ್ತಲೇ ಇರಲಿಲ್ಲ, ಇದು ನನಗೆ ಖಾತ್ರಿ.

ತೊಗಲು ಇನ್ನೊಂದು ಪಜೀತಿ. ಮೊದಲು ಮಟನ್ ಅಂಗಡಿಯಿಂದ ದೊಡ್ಡ ಆಡಿನ ತೊಗಲು ತಂದೆವು. ಸುಣ್ಣದ ನೀರಲ್ಲಿ ನೆನೆಸಿ, ರೋಮ ಹೆರೆದು, ಹಸಿ ಇರುವಾಗಲೇ ಎಳೆದು ಕಟ್ಟಿ ಬಿಸಿಲಿಗಿಟ್ಟೆವು. ವಾಸನೆಗೆ ನನ್ನ ಹೆಂಡತಿ ಎರಡು ದಿನ ಮಾತಾಡಲಿಲ್ಲ. ಒಣಗಿದ ಮೇಲೆ ಬಾರಿಸಿದರೆ ಧಪ್ ಅಂತು, ಅಷ್ಟೇ. ತುಂಬಾ ದಪ್ಪ. ಆಮೇಲೆ ಮರಿ ಆಡಿನದು ಹಾಕಿದೆವು, ಅದರಲ್ಲೂ ಹೊಟ್ಟೆಯ ಕಡೆಯದು, ಅಲ್ಲಿ ತೆಳು. ಆಗ ಸ್ವರ ಬಂತು. ಉಡದ ತೊಗಲಿನಷ್ಟು ಚುರುಕಿಲ್ಲ, ಸುಳ್ಳು ಹೇಳುವುದಿಲ್ಲ. ಮತ್ತೆ ಸಮುದ್ರದ ಗಾಳಿಗೆ ಬೇಗ ಸಡಿಲಾಗುತ್ತದೆ. ಹಿಂದೆ ಬೆಂಕಿಗೆ ಹಿಡಿದು ಬಿಸಿ ಮಾಡುತ್ತಿದ್ದರು. ನಾನು ಸ್ಟೇಜಿನ ಹಿಂದೆ ಒಂದು 500 ವ್ಯಾಟಿನ ಹ್ಯಾಲೋಜನ್ ಲೈಟ್ ಮಲಗಿಸಿ ಇಡುತ್ತೇನೆ, ಮುಂದೆ ಗುಮಟೆಗಳ ಸಾಲು, ಚಳಿ ಕಾಯಿಸಲು ಕೂತ ಮುದುಕರ ಹಾಗೆ. ಮಿಕ್ಸರ್ ಹಿಂದೆ ನಿಂತವನಿಗೆ ಇಂಥ ಬುದ್ಧಿ ಬರುತ್ತದೆ ಬಿಡಿ.

ಮೈಕಿಗೆ ಮೂರು ವಾರ ಹಿಡಿಯಿತು. ಸಣ್ಣ ಬಾಯಿಯೊಳಗೇ ಮೈಕ್ ತೂರಿಸಿದರೆ ಎಡಗೈ ತಾಗಿ ಡಬ್ ಡಬ್. ತೊಗಲಿನ ಕಡೆ ಒಂದೇ ಇಟ್ಟರೆ ಪೆಟ್ಟು ಕೇಳುತ್ತದೆ, ಹೂಂಕಾರ ಇಲ್ಲ. ಕೊನೆಗೆ ಎರಡು ಇಟ್ಟೆ. ತೊಗಲಿಗೆ ಒಂದು ಗೇಣು ದೂರದಲ್ಲಿ ಒಂದು, ಸಣ್ಣ ಬಾಯಿಗೆ ಒಂದು ಗೇಣು ದೂರದಲ್ಲಿ ಓರೆಯಾಗಿ ಇನ್ನೊಂದು. ಲೋ ಕಟ್ ಆಫ್! ಬಾರಿಸುವವರಿಗೆ ಅವರದೇ ಸದ್ದು ಕೇಳಿಸಲು ಮುಂದೆ ಇಡುವ ಮಾನಿಟರ್ ಬಾಕ್ಸು ತೆಗೆದೇ ಬಿಟ್ಟೆ, ಯಾಕೆಂದರೆ ಗಡಿಗೆ ಆ ಸದ್ದನ್ನೇ ಹಿಡಿದು ವಾಪಸ್ ಊದುತ್ತದೆ, ಫೀಡ್‌ಬ್ಯಾಕ್ ಶುರು. ಅವರಿಗೆ ಮಾನಿಟರ್ ಬೇಕಾಗಿಯೂ ಇರಲಿಲ್ಲ. ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡಿ ಬಾರಿಸುವ ವಾದ್ಯ ಇದು. ಸ್ಟೇಜಿನಲ್ಲಿ ಸಾಲಾಗಿ ನಿಲ್ಲಿಸುವುದೇ ತಪ್ಪು.

ಮೊದಲ ಹಬ್ಬ 2022ರ ಏಪ್ರಿಲ್‌ನಲ್ಲಿ. ಕೊಯ್ಲು ಮುಗಿದ ಗದ್ದೆ, ಚಾಪೆ, ನಡುವೆ ಒಂದಡಿ ಎತ್ತರದ ಕಟ್ಟೆ. ಏಪ್ರಿಲ್ ಯಾಕೆಂದರೆ ಸುಗ್ಗಿ, ಹೋಳಿ ಮುಗಿದಿರುತ್ತದೆ, ಮಳೆ ಬಂದಿರುವುದಿಲ್ಲ, ತೊಗಲು ಬಿಗಿಯಾಗಿರುತ್ತದೆ. ಒಂದು ತಂಡಕ್ಕೆ ನಲವತ್ತು ನಿಮಿಷಕ್ಕೆ ಕಡಿಮೆ ಇಲ್ಲ. ಶಾಲು, ಹಾರ, ಭಾಷಣ ಇಲ್ಲ. ಶಾಲಿನ ದುಡ್ಡನ್ನೂ ಸೇರಿಸಿ ಬಾರಿಸುವವರಿಗೆ ಕೊಟ್ಟೆವು. ಒಟ್ಟು ಖರ್ಚು 68 ಸಾವಿರ, ಅದರಲ್ಲಿ ಕಲಾವಿದರಿಗೆ 30. ಸೌಂಡ್ ಬಾಡಿಗೆ ಲೆಕ್ಕಕ್ಕೆ ಹಿಡಿಯಲಿಲ್ಲ, ಅದು ನನ್ನ ದಂಡ. ಭಾಷಣ ಇಲ್ಲ ಅಂದದ್ದಕ್ಕೆ ಒಬ್ಬರು ಕೊಡುತ್ತೇನೆಂದಿದ್ದ ಹತ್ತು ಸಾವಿರ ಕೊಡಲಿಲ್ಲ. ಹೋಗಲಿ.

ಎರಡನೇ ವರ್ಷ ಬಾರ್ಕೂರು ಕಡೆಯ ಕುಡುಬಿಯವರನ್ನು ಕರೆದೆವು. ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟು ಬಂದವರು ಅವರು, ಮನೆಮಾತು ಕೊಂಕಣಿ, ಹೋಳಿಯಲ್ಲಿ ಅಬ್ಬಲಿಗೆ ಹೂವಿನ ಮುಂಡಾಸು ಕಟ್ಟಿ ಮನೆಮನೆಗೆ ಹೋಗಿ ಗುಮಟೆ ಬಾರಿಸುತ್ತಾ ಕುಣಿಯುತ್ತಾರೆ. ಕಾಣಕೋಣದಿಂದಲೂ ಒಂದು ತಂಡ ಬಂತು, ಘುಮಟ್, ಶಾಮೆಳ ಅನ್ನುವ ಚರ್ಮವಾದ್ಯ, ಕಾಂಸಾಳೆ ಅನ್ನುವ ತಾಳ ಹೊತ್ತುಕೊಂಡು. ನನಗೆ ಆ ವರ್ಷದ ನೆನಪು ಅಂದರೆ ಕಾರ್ಯಕ್ರಮ ಅಲ್ಲ, ಮಧ್ಯಾಹ್ನ ಊಟ ಆದ ಮೇಲಿನ ಒಂದು ತಾಸು. ಮೂರೂ ಕಡೆಯ ಹಿರಿಯರು ಮಾವಿನ ಮರದ ಕೆಳಗೆ ಒಬ್ಬರ ಗಡಿಗೆ ಒಬ್ಬರು ತಿರುಗಿಸಿ, ಹುರಿ ಎಳೆದು, ಉಗುರಲ್ಲಿ ಕುಟ್ಟಿ ನೋಡುತ್ತಿದ್ದರು. ಭಾಷೆ ಅರ್ಧ ಅರ್ಧ. ಗೌಡಜ್ಜ ಗೋವಾದವರ ಗಂಟು ಹಾಕುವ ರೀತಿ ನೋಡಿ ಕಲಿತುಕೊಂಡು ಬಂದು, "ಅವರ ಗಂಟು ಚಲೋ ಉಂಟು, ಸ್ವರ ನಮ್ದೇ ಚಲೋ" ಅಂದರು. ಈಗ ನಮ್ಮ ಗುಮಟೆಗಳಿಗೆಲ್ಲ ಆ ಗಂಟೇ.

ತಪ್ಪೂ ಮಾಡಿದ್ದೇವೆ. ಮೂರನೇ ವರ್ಷ ಬೆಂಗಳೂರಿನ ಒಂದು ಫ್ಯೂಷನ್ ಬ್ಯಾಂಡ್ ಕರೆದೆ, ಜನ ಸೇರಲಿ ಅಂತ. ಹುಡುಗರು ಒಳ್ಳೆಯವರೇ. ಆದರೆ ಅವರ ಡ್ರಮ್ಸ್ ಕಿವಿಯೊಳಗಿನ ಕ್ಲಿಕ್ (ಇಯರ್‌ಫೋನಿನಲ್ಲಿ ಒಂದೇ ವೇಗದಲ್ಲಿ ಬರುವ ಟಿಕ್ ಟಿಕ್) ಹಿಡಿದು ಹೋಗುತ್ತದೆ, ನಮ್ಮ ಹಾಡು ಹೋಗ್ತಾ ಹೋಗ್ತಾ ಓಟ ಹಿಡಿಯುತ್ತದೆ. ಎರಡೂ ಜಗಳಕ್ಕೆ ಬಿದ್ದವು. ಅರ್ಧದಲ್ಲಿ ಡ್ರಮ್ಮರ್ ಕೋಲು ಕೆಳಗಿಟ್ಟ, ಬೇಸ್ ಗಿಟಾರಿನವನೊಬ್ಬ ಮಾತ್ರ ಉಳಿದು ಗುಮಟೆಯ ಹಿಂದೆ ಹಿಂದೆ ಸುಮ್ನೆ ನಡೆದ. ಅದು ಮಾತ್ರ ಮೈ ಜುಮ್ ಅನ್ನಿಸಿತು. ಈಗ ಬ್ಯಾಂಡಿನವರು ಯಾರಾದರೂ ಕೇಳಿದರೆ ಎರಡು ದಿನ ಮೊದಲೇ ಬಂದು ಕೊಪ್ಪದಲ್ಲಿ ಉಳಿಯಿರಿ ಅನ್ನುತ್ತೇನೆ. ಅರ್ಧ ಜನ ಅಲ್ಲಿಗೇ ಬಿಡುತ್ತಾರೆ.

ಹಬ್ಬದ ದಿನ ಮಧ್ಯಾಹ್ನ ಮಕ್ಕಳಿಗೆ ಕಲಿಸುವುದೂ ಇದೆ. ಅದು ಬೆಳೆದು ಈಗ ಭಾನುವಾರದ ಪಾಠವಾಗಿದೆ, ಹನ್ನೊಂದು ಮಕ್ಕಳು. ನಮ್ಮಲ್ಲಿ ಗುಮಟೆ ಗಂಡಸರದ್ದು, ಹೆಂಗಸರು ಹಾಡುವವರು. ಕಳೆದ ವರ್ಷ ಎರಡು ಹುಡುಗಿಯರು ಬಂದು ಕೂತಾಗ ಕೆಲವರ ಮುಖ ಸಣ್ಣದಾಯ್ತು. ನಾನೂ ಗೌಡಜ್ಜನ ಮುಖ ನೋಡಿದೆ, ಏನಂತಾರೋ ಅಂತ. ಅವರು ಏನೂ ಹೇಳಲಿಲ್ಲ. ದೊಡ್ಡವಳ ಎಡಗೈ ಹಿಡಿದು ಬಾಯಿಯಿಂದ ಒಂದಿಷ್ಟು ಹಿಂದೆ ಸರಿಸಿ, "ಹೀಂಗೆ" ಅಂದರು.

ತೊಂದರೆ ಬೇರೆ ಇದೆ. ಮಕ್ಕಳ ಅಂಗೈ ಸಣ್ಣದು, ನಮ್ಮ ಗಡಿಗೆಯ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಸ್ವರ ಇಳಿಯುವುದೇ ಇಲ್ಲ. ಕುಂಬಾರರಿಗೆ ಸಣ್ಣದೊಂದು ಮಾಡಿಕೊಡಿ ಅಂದೆ. ಮಾಡಿದರು, ಕೀಚು ಕೀಚು ಅಂತು. ಹೊಟ್ಟೆ ಅಷ್ಟೇ ಇಟ್ಟು ಬಾಯಿ ಮಾತ್ರ ಸಣ್ಣದು ಮಾಡಬೇಕಂತೆ, ಹಾಗೆ ಮಾಡಿದರೆ ಸುಡುವಾಗ ಕುತ್ತಿಗೆಯಲ್ಲಿ ಸೀಳುತ್ತದಂತೆ. ಮೂರು ಸುಟ್ಟು ಮೂರೂ ಹೋದವು. ಮಳೆ ಮುಗಿದು ಮಣ್ಣು ತೆಗೆಯುವುದು ಶುರುವಾದ ಮೇಲೆ ಇನ್ನೊಂದು ಸಲ ನೋಡೋಣ ಅಂದಿದ್ದಾರೆ. ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ, ಒಡೆಯುವವಕ್ಕೂ ಸೇರಿಸಿ.