ಎರಡು ಬೇಲಿ, ನಡುವೆ ಖಾಲಿ ಜಾಗ: ಪದರ ಬೇಲಿ ಹಾಕುವಾಗ ನಾವು ಅನುಸರಿಸುವ ಕ್ರಮ

ಕಾರ್ಖಾನೆಯಾಗಲಿ, ವಿದ್ಯುತ್ ಸಬ್‌ಸ್ಟೇಷನ್ ಆಗಲಿ, ಡೇಟಾ ಸೆಂಟರ್ ಆಗಲಿ, ಬೇಲಿಯ ಕೆಲಸ ಹಿಡಿದಾಗ ನಾವು ಮೊದಲು ನೋಡುವುದು ಕಾವಲಿನವರು ಓಡಿ ಬರುವ ಹೊತ್ತನ್ನು. ಕಂಟ್ರೋಲ್ ರೂಮಿನಲ್ಲಿ ಅಲಾರಂ ಬಡಿದಾಗಿನಿಂದ ಅವರು ಬೇಲಿಯ ಅತಿ ದೂರದ ಮೂಲೆ ಮುಟ್ಟುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ರಾತ್ರಿ ಪಾಳಿಯಲ್ಲೇ ಸ್ಟಾಪ್‌ವಾಚ್ ಹಿಡಿದು ಅಳೆಯುತ್ತೇವೆ. ಅದು 4 ನಿಮಿಷ ಎಂದಾದರೆ, ಅಲಾರಂ ಆದ ಮೇಲೆ ನುಗ್ಗುವವನಿಗೆ ಎದುರಾಗುವ ಅಡ್ಡಿಗಳೆಲ್ಲ ಸೇರಿ 4 ನಿಮಿಷ ಮೀರಬೇಕು. ಅಲಾರಂ ಆಗುವುದಕ್ಕೆ ಮೊದಲೇ ಕತ್ತರಿಸಿದ ಬೇಲಿ ಎಷ್ಟೇ ಗಟ್ಟಿಯಿದ್ದರೂ ಈ ಲೆಕ್ಕಕ್ಕೆ ಸೇರದು. ಅಲ್ಲಿ ಅವನಿಗೆ ಇಡೀ ರಾತ್ರಿ ಸಮಯವಿದೆ.

ಪದರಗಳ ಕ್ರಮ ಇದರಿಂದಲೇ ನಿರ್ಧಾರವಾಗುತ್ತದೆ. ಹೊರಗೆ ಹಗುರ ಬೇಲಿ, ನಡುವೆ ಸೆನ್ಸರ್ ಇರುವ ಖಾಲಿ ಪಟ್ಟಿ, ಒಳಗೆ ಗಟ್ಟಿ ಬೇಲಿ. ದುಬಾರಿ ಬೇಲಿಯನ್ನು ರಸ್ತೆಗೆ ಕಾಣುವಂತೆ ಹೊರಗೆ ನಿಲ್ಲಿಸಿ, ಸೆನ್ಸರನ್ನು ಒಳಗೆ ಹಾಕಿಸುವವರೇ ಹೆಚ್ಚು. ನೋಡಲು ಜೋರಾಗಿರುತ್ತದೆ, ಆದರೆ ಸುರಿದ ದುಡ್ಡಿನಲ್ಲಿ ಒಂದು ಸೆಕೆಂಡೂ ಲೆಕ್ಕಕ್ಕೆ ಸಿಗುವುದಿಲ್ಲ.

ಹೊರ ಬೇಲಿಗೆ 50 ಮಿ.ಮೀ. ಕಣ್ಣಿನ, 4 ಮಿ.ಮೀ. ತಂತಿಯ ಚೈನ್‌ಲಿಂಕ್ ಸಾಕು. ಎತ್ತರ 2.4 ಮೀಟರ್, ಕಂಬದಿಂದ ಕಂಬಕ್ಕೆ 3 ಮೀಟರ್, ನೆಲದ ಸಂದು 50 ಮಿ.ಮೀ. ಮೀರಬಾರದು. ದಾರಿಹೋಕರು, ನಾಯಿ, ದನ ಒಳಗೆ ಬಂದು ಅಲಾರಂ ಬಡಿಸದಂತೆ ನೋಡಿಕೊಳ್ಳುವುದಷ್ಟೇ ಇದರ ಕೆಲಸ.

ನಡುವಿನ ಪಟ್ಟಿಯನ್ನು ನಾವು 6 ಮೀಟರ್ ಬಿಡಿಸುತ್ತೇವೆ. ಇಲ್ಲಿ ಗಿಡ, ಪೈಪು, ಪ್ಯಾಲೆಟ್ ರಾಶಿ ಏನೂ ಇರಕೂಡದು. ಅಲೆ ಹರಿಸಿ ನಡುವೆ ಸುಳಿದವರನ್ನು ಹಿಡಿಯುವ ಮೈಕ್ರೋವೇವ್ ಸೆನ್ಸರ್ ಇದ್ದರೆ ನೆಲ ಸಮತಟ್ಟಾಗಿರಬೇಕು, ಹುಲ್ಲು 75 ಮಿ.ಮೀ. ದಾಟಬಾರದು, ನೀರು ನಿಲ್ಲಬಾರದು. ನಿಂತ ನೀರಿನ ಮೇಲಿನ ಅಲೆಯೇ ಸುಳ್ಳು ಅಲಾರಂ ಕೊಡುತ್ತದೆ. ಸೆನ್ಸರ್ ತಲೆಯ ಬುಡದಲ್ಲಿ ಕಾಣದ ಜಾಗವೊಂದು ಇದ್ದೇ ಇರುತ್ತದೆ. ಅದಕ್ಕೆ ಪ್ರತಿ ವಲಯದ (ಒಂದು ಸೆನ್ಸರ್ ಕಾಯುವ ಉದ್ದದ) ಕೊನೆಯನ್ನು ಮುಂದಿನ ವಲಯದೊಳಗೆ 10 ಮೀಟರಿನಷ್ಟು ಚಾಚಿಸುತ್ತೇವೆ.

ಒಳ ಬೇಲಿಗೆ 358 ವೆಲ್ಡ್ ಮೆಶ್, ಅಂದರೆ ತಂತಿ ಬೆಸೆದ ದಟ್ಟ ಜಾಲರಿ. 3 ಇಂಚು, ಅರ್ಧ (0.5) ಇಂಚು, 8 ಗೇಜು ಎಂಬುದೇ ಆ ಸಂಖ್ಯೆ. ಅಂದರೆ ಕಣ್ಣು 76.2 × 12.7 ಮಿ.ಮೀ., ತಂತಿ 4 ಮಿ.ಮೀ. ಕಾಲ್ಬೆರಳು ತೂರದು, ಬೋಲ್ಟ್ ಕಟರಿನ ಬಾಯಿಯೂ ಸಲೀಸಾಗಿ ಹೋಗದು. 600 ಮಿ.ಮೀ. ಚೌಕದ ತೂತು ಮಾಡಲು ಎಡಕ್ಕೂ ಬಲಕ್ಕೂ ತಲಾ ಸುಮಾರು 47 ಅಡ್ಡ ತಂತಿ ಕತ್ತರಿಸಬೇಕು. ಆದರೆ ಕಬ್ಬಿಣ ಕೊಯ್ಯುವ ಬ್ಯಾಟರಿ ಗ್ರೈಂಡರ್ ತಂದವನಿಗೆ ಈ ಲೆಕ್ಕ ನಿಲ್ಲುವುದಿಲ್ಲ. ಗ್ರೈಂಡರ್ ಅಪಾಯ ಇರುವ ಕಡೆ ಎರಡು ಪದರದ ಮೆಶ್, ಇಲ್ಲವೇ ಎಲ್‌ಪಿಎಸ್ 1175 ಪರೀಕ್ಷೆ (ಬೇಲಿ ಒಡೆಯಲು ಎಷ್ಟು ಹೊತ್ತು ಬೇಕೆಂದು ಅಳೆಯುವುದು) ಗ್ರೈಂಡರಿಗೂ ಪಾಸಾದ ಬೇಲಿ ಕೇಳಿ. ಉದಾಹರಣೆಗೆ, ಅದರಲ್ಲಿ ಸಿ5 ಎಂದರೆ ಪರೀಕ್ಷೆಗೆ ಬಳಸುವ ಉಪಕರಣಗಳ ಪೈಕಿ ಸಿ ಗುಂಪಿನವಕ್ಕೆ 5 ನಿಮಿಷ ತಡೆದಿದೆ ಎಂದು ಅರ್ಥ. ‘ಹೈ ಸೆಕ್ಯುರಿಟಿ’ ಎಂಬ ಬಿಲ್ಲಿನ ಮಾತಿಗೆ ಬೆಲೆ ಕೊಡಬೇಡಿ, ಪ್ರಮಾಣಪತ್ರ ನೋಡಿ.

ಮೆಶ್ ಎಷ್ಟೇ ಒಳ್ಳೆಯದಿದ್ದರೂ ಬೋಲ್ಟು ಕೈಕೊಡುತ್ತದೆ. ಪ್ಯಾನೆಲ್ ಕಂಬದ ಹೊರ ಮುಖಕ್ಕೆ ಕೂರಬೇಕು. ಒಳಗಿದ್ದರೆ ಹೊರಗಿನಿಂದ ತಳ್ಳಿದಾಗ ಪೂರಾ ಭಾರ ಬೋಲ್ಟಿನ ಮೇಲೆ ಬೀಳುತ್ತದೆ. ಕಂಬದ ಉದ್ದಕ್ಕೂ ಫ್ಲಾಟ್ ಪಟ್ಟಿ ಒತ್ತಿ, 300 ಮಿ.ಮೀ.ಗೊಂದರಂತೆ ದುಂಡು ತಲೆಯ ಬೋಲ್ಟ್ ತೂರಿಸಿ, ಒಳಬದಿಯಲ್ಲಿ ಶಿಯರ್ ನಟ್ ಬಿಗಿಯುತ್ತೇವೆ. ಬಿಗಿದಾಗ ಅದರ ಆರು ಮೂಲೆಯ ತಲೆ ಮುರಿದು ಬೀಳುತ್ತದೆ, ಉಳಿದ ಭಾಗಕ್ಕೆ ಸ್ಪ್ಯಾನರ್ ಹಿಡಿಯುವುದಿಲ್ಲ. ಮಾಮೂಲಿ ನಟ್ ಹೊರಗೆ ಹಾಕಿದ ಬೇಲಿಯಲ್ಲಿ ಕತ್ತರಿಸುವ ತಾಪತ್ರಯವೇ ಇಲ್ಲ, ಪ್ಯಾನೆಲನ್ನೇ ಬಿಚ್ಚಿ ಒರಗಿಸಬಹುದು.

ಈ ಮೆಶ್ ದಟ್ಟವಾಗಿರುವುದರಿಂದ ಚೈನ್‌ಲಿಂಕಿಗಿಂತ ಹೆಚ್ಚು ಗಾಳಿ ಹಿಡಿಯುತ್ತದೆ. 3 ಮೀಟರ್ ಎತ್ತರಕ್ಕೆ, ಮಣ್ಣು ಗಟ್ಟಿಯಿರುವಲ್ಲಿ, 450 × 450 × 900 ಮಿ.ಮೀ. ಗುಂಡಿ ತೋಡಿಸುತ್ತೇವೆ. 400 ಮೀಟರ್ ಸುತ್ತಳತೆಗೆ 2.5 ಮೀಟರಿಗೊಂದು ಕಂಬದಂತೆ 160 ಕಂಬ, ಗುಂಡಿಗೆ 0.18 ಘನ ಮೀಟರಿನಂತೆ ಸುಮಾರು 29 ಘನ ಮೀಟರ್ ಕಾಂಕ್ರೀಟ್. ಮೂಲೆ ಮತ್ತು ಗೇಟಿನ ಕಂಬಗಳ ಗುಂಡಿ ಇದಕ್ಕಿಂತ ದೊಡ್ಡದು. ಮಣ್ಣು ಸಡಿಲವಿದ್ದರೆ, ಗಾಳಿ ಜೋರಿದ್ದರೆ ಎಂಜಿನಿಯರ್ ಲೆಕ್ಕ ಮಾಡಿಸದೆ ಈ ಅಳತೆ ಬಳಸಬೇಡಿ. ಕಾಂಕ್ರೀಟಿಗೆ 7 ದಿನ ನೀರುಣಿಸಿದ ಮೇಲೆಯೇ ಪ್ಯಾನೆಲ್ ಏರಿಸುವುದು. ಅವಸರ ಮಾಡಿದರೆ ಕಂಬ ಕೂದಲೆಳೆಯಷ್ಟು ವಾಲಿ, ಹತ್ತನೇ ಕಂಬದ ಹೊತ್ತಿಗೆ ಬೋಲ್ಟಿನ ತೂತುಗಳೇ ಕೂಡುವುದಿಲ್ಲ. ಇಳಿಜಾರಿನಲ್ಲಿ ಪ್ಯಾನೆಲನ್ನು ಮೆಟ್ಟಿಲಿನಂತೆ ಇಳಿಸಿದಾಗ ಕೆಳಗೆ ತ್ರಿಕೋನ ಸಂದು ಉಳಿಯುತ್ತದೆ. ಅಲ್ಲಿ ಮಣ್ಣು ತುಂಬಿದರೆ ಮೊದಲ ಮಳೆಗೆ ಕೊಚ್ಚಿ ಹೋಗುತ್ತದೆ, ಆದ್ದರಿಂದ ಕಂಬಗಳ ನಡುವೆ ಕಾಂಕ್ರೀಟ್ ದಿಂಡು ಹಾಕಿ.

ಕಂಪನ ಹಿಡಿಯುವ ಸೆನ್ಸರ್ ಕೇಬಲ್ ಇದೇ ಒಳ ಬೇಲಿಯ ಮೇಲೆ, ನಡು ಎತ್ತರದಲ್ಲಿ. ಕತ್ತರಿಸಲು ಶುರುಮಾಡಿದ ಕ್ಷಣಕ್ಕೇ ಅಲಾರಂ ಬಂದರೆ ಉಳಿದ ತಂತಿಗಳನ್ನು ಕತ್ತರಿಸುವ ಸಮಯವೆಲ್ಲ ನಮ್ಮ ಲೆಕ್ಕಕ್ಕೆ ಸೇರುತ್ತದೆ. ಕೇಬಲ್ಲನ್ನು ಬೇಲಿಗೆ ಬಿಗಿಯಲು 300 ಮಿ.ಮೀ.ಗೊಂದು ಟೈ ಕಟ್ಟುತ್ತೇವೆ. ಬಿಸಿಲಿಗೆ ಪುಡಿಯಾಗದ ಕಪ್ಪು ನೈಲಾನ್ ಅಥವಾ ಸ್ಟೇನ್‌ಲೆಸ್ ಆಗಿರಬೇಕು. ವಲಯ 100 ಮೀಟರ್ ದಾಟದಿರಲಿ, ಗೇಟಿಗೆ ಬೇರೆಯೇ ವಲಯವಿರಲಿ. ಸುಳ್ಳು ಅಲಾರಂ ಹೆಚ್ಚಾದರೆ ಎಲ್ಲರೂ ಮೊದಲು ಮಾಡುವುದು ಸೂಕ್ಷ್ಮತೆ ಇಳಿಸುವ ಕೆಲಸ. ಹಾಗೆ ಮಾಡಿದರೆ ಗಾಳಿಯ ಜೊತೆಗೆ ಕಳ್ಳನೂ ಕೇಳಿಸದೆ ಹೋಗುತ್ತಾನೆ. ಅದರ ಬದಲು ಪ್ಯಾನೆಲ್ ಮೇಲೆ ಅಂಗೈಯಿಟ್ಟು ಅಲುಗಿಸಿ, ಕಂಬದ ಫ್ಲಾಟ್ ಪಟ್ಟಿಯ ಬಳಿ ಕಿವಿಗೊಡಿ: ‘ಟಕ್’ ಎಂದರೆ ಅಲ್ಲಿ ಬೋಲ್ಟ್ ಸಡಿಲವಿದೆ. ಎಚ್ಚರಿಕೆ ಫಲಕ, ನೇತಾಡುವ ಬೀಗ, ಮೆಶ್‌ಗೆ ತಾಗುವ ಕನ್ಸರ್ಟಿನಾ (ಬ್ಲೇಡು ತಂತಿಯ) ಸುರುಳಿ, ಇವು ಸುಳ್ಳು ಅಲಾರಂಗೆ ಇನ್ನುಳಿದ ಕಾರಣಗಳು.

ಕನ್ಸರ್ಟಿನಾ ಸುರುಳಿಯನ್ನು ತಯಾರಕರು ಹೇಳಿದ್ದಕ್ಕಿಂತ ಹೆಚ್ಚು ಎಳೆದು ಹಣ ಉಳಿಸಲು ಹೋಗಬೇಡಿ. ಸುತ್ತುಗಳ ನಡುವೆ ಮನುಷ್ಯ ತೂರುವಷ್ಟು ಬಾಯಿ ಬಿಡುತ್ತದೆ. ಮೇಲೆ ವಿದ್ಯುತ್ ಬೇಲಿ ಬೇಕೆಂದರೆ ಐಇಸಿ 60335-2-76 ಮಾನದಂಡದ ಎನರ್ಜೈಸರ್ (ತಂತಿಗೆ ಬಿಟ್ಟು ಬಿಟ್ಟು ಮಿತವಾಗಿ ಕರೆಂಟ್ ಹರಿಸುವ ಪೆಟ್ಟಿಗೆ) ಮಾತ್ರ ಬಳಸಿ, ಅದರ ಆರ್ಥಿಂಗ್ ಕಟ್ಟಡದ ಆರ್ಥಿಂಗಿನಿಂದ 10 ಮೀಟರ್ ದೂರವಿರಲಿ. ಮೇನ್ಸ್ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಕೊಲೆಗೆ ಸಮ.

ಗೇಟು ಮತ್ತು ಮೋರಿಗೆ ಅಂದಾಜುಪಟ್ಟಿಯ ಕೊನೆಯಲ್ಲಿ ಚಿಲ್ಲರೆ ದುಡ್ಡು ಇಡುತ್ತಾರೆ, ಜನ ನುಗ್ಗುವುದೂ ಅಲ್ಲೇ. ಗೇಟು ಬೇಲಿಯಷ್ಟೇ ಎತ್ತರ, ಅದೇ ಮೆಶ್. ಮೇಲಿನ ಕೀಲಿನ ಪಿನ್ನನ್ನು ತಲೆಕೆಳಗಾಗಿ ಕೂರಿಸಿ, ಇಲ್ಲದಿದ್ದರೆ ಜ್ಯಾಕ್ ಕೊಟ್ಟು ಗೇಟನ್ನೇ ಎತ್ತಿ ತೆಗೆಯುತ್ತಾರೆ. ಬೇಲಿ ದಾಟುವ ಮೋರಿಯ ಬಾಯಿ 620 ಚದರ ಸೆಂ.ಮೀ. ಮೀರಿ, ಕಿರಿದಾದ ಬದಿಯೂ 150 ಮಿ.ಮೀ.ಗಿಂತ ಹೆಚ್ಚಿದ್ದರೆ ಸರಳಿನ ಜಾಲರಿ ಬೇಕೇ ಬೇಕು. ಕಸ ಕಟ್ಟಿದಾಗ ತೆಗೆಯಲು ಅದಕ್ಕೆ ಒಳಗಿನಿಂದ ಬೀಗ ಇರಲಿ. ಬೆಸುಗೆ ಹಾಕಿಬಿಟ್ಟರೆ ಮಳೆಗಾಲದಲ್ಲಿ ಯಾರೋ ಕಿತ್ತೆಸೆಯುತ್ತಾರೆ.

ಇದೆಲ್ಲ ಮನುಷ್ಯನಿಗೆ. ಲಾರಿಗೆ ಯಾವ ಮೆಶ್ಶೂ ಲೆಕ್ಕವಿಲ್ಲ. ನೇರ ರಸ್ತೆ ಬೇಲಿಗೆ ಬಂದು ಮುಟ್ಟುವ ಕಡೆ ಹಳ್ಳ, ಇಲ್ಲವೇ ಐಡಬ್ಲ್ಯುಎ 14-1 ಅಥವಾ ಅದರ ಜಾಗಕ್ಕೆ ಬಂದ ಐಎಸ್‌ಒ 22343ರ ಡಿಕ್ಕಿ ಪರೀಕ್ಷೆ ಪಾಸಾದ, ನೆಲದಲ್ಲಿ ಹೂತ ಗಟ್ಟಿ ಗೂಟಗಳಾದ ಬೊಲ್ಲಾರ್ಡ್‌ಗಳು ಹೊರ ಬೇಲಿಗಿಂತ ಮುಂದೆ ಇರಬೇಕು.

ಬಿಲ್ ಪಾಸು ಮಾಡುವ ಮುನ್ನ ಪ್ರತಿ ವಲಯದಲ್ಲೂ ನಡೆದು, ತೆವಳಿ, ಏಣಿ ಒರಗಿಸಿ, ಸ್ಕ್ರೂಡ್ರೈವರ್‌ನಿಂದ ಮೆಶ್ ತಟ್ಟಿ ನೋಡುತ್ತೇವೆ. ಸ್ಥಳದಲ್ಲಿ ಕತ್ತರಿಸಿದ, ಕೊರೆದ ಅಂಚುಗಳಿಗೆಲ್ಲ ಸತುವಿನ ಬಣ್ಣ ಬಳಿದಿದ್ದಾರೋ ಇಲ್ಲವೋ ಎಂಬುದನ್ನೂ ಅವತ್ತೇ ನೋಡಬೇಕು. ತುಕ್ಕು ಶುರುವಾಗುವುದು ಅಲ್ಲಿಂದಲೇ, ಅಷ್ಟರಲ್ಲಿ ಗುತ್ತಿಗೆದಾರ ಸಿಗುವುದಿಲ್ಲ.