ಮಿರಗದ (ಮೃಗಶಿರಾ) ಮಳೆಗೆ ಮುನ್ನ ಸಸಿಗಳನ್ನು ಬರಕ್ಕೆ ಹದಗೊಳಿಸುವುದು ಹೇಗೆ?

ಕಲಬುರಗಿಯ ಎರೆ ಭೂಮಿಯಲ್ಲಿ ಬೇವು, ಹೊಂಗೆ, ಹುಣಸೆ ನೆಡಲು ಬಯಸುವವರು ಸಾಮಾನ್ಯವಾಗಿ ಎತ್ತರದ ಸಸಿಯನ್ನೇ ಆರಿಸುತ್ತಾರೆ. ನೆಟ್ಟ ಮೇಲೆ ಮಳೆ ಹಿಂದೆ ಸರಿದರೆ ಮೊದಲು ಬಾಡುವುದೂ ಹೆಚ್ಚಾಗಿ ಅಂಥ ಸಸಿಯೇ, ಏಕೆಂದರೆ ಅದರ ಎಲೆಗಳು ಕೇಳುವಷ್ಟು ನೀರನ್ನು ಪುಟ್ಟ ಬೇರು ಒದಗಿಸಲಾರದು.

ಮಣ್ಣು ಒಣಗತೊಡಗಿದಾಗ ಮೊದಲು ನಿಲ್ಲುವುದು ಚಿಗುರಿನ ಬೆಳವಣಿಗೆ; ಜೀವಕೋಶ ಹಿಗ್ಗಲು ಒಳಗಿನ ನೀರಿನ ಒತ್ತಡ ಬೇಕು. ಬಳಿಕ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಿ, ಎಲೆಯ ಪತ್ರರಂಧ್ರಗಳನ್ನು (ಸೂಕ್ಷ್ಮ ತೂತುಗಳನ್ನು) ಸುತ್ತುವರಿದ ಕಾವಲು ಕೋಶಗಳಿಂದ ಪೊಟ್ಯಾಸಿಯಂ ಹೊರಹೋಗುವಂತೆ ಮಾಡಿ ಆ ತೂತುಗಳನ್ನು ಮುಚ್ಚಿಸುತ್ತದೆ. ನೀರು ಉಳಿಯುತ್ತದೆ ನಿಜ, ಆದರೆ ಇಂಗಾಲದ ಡೈಆಕ್ಸೈಡ್ ಒಳಬರದೆ ಆಹಾರ ತಯಾರಿಕೆ ಕುಸಿಯುತ್ತದೆ, ಬಾಷ್ಪವಿಸರ್ಜನೆಯ ತಂಪು ತಪ್ಪಿ ಎಲೆ ಕಾಯುತ್ತದೆ. ಒಣಗುವಿಕೆ ನಿಧಾನವಾಗಿದ್ದರೆ ಸಸಿ ಹೊಂದಿಕೊಳ್ಳುತ್ತದೆ: ಕೋಶಗಳಲ್ಲಿ ಸಕ್ಕರೆ ಮತ್ತು ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಸಂಗ್ರಹಿಸಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಹಾರದ ಹೆಚ್ಚಿನ ಪಾಲನ್ನು ಬೇರಿಗೆ ಕಳಿಸುತ್ತದೆ. ಒಮ್ಮೆಲೇ ಬರ ಬಡಿದರೆ ಈ ಅವಕಾಶವಿಲ್ಲ. ಕಾಂಡದ ನೀರಿನ ನಾಳಗಳಲ್ಲಿ ಗಾಳಿಗುಳ್ಳೆ ತುಂಬಿ, ಆಮೇಲೆ ಎಷ್ಟು ನೀರುಣಿಸಿದರೂ ಮೇಲಿನ ಭಾಗ ಒಣಗಬಹುದು. ಹದಗೊಳಿಸುವುದೆಂದರೆ ಸಸಿಗೆ ಆ ಸಮಯವನ್ನು ಮೊದಲೇ ಕೊಡುವುದು.

ನೆಡುವುದಕ್ಕೆ ನಾಲ್ಕರಿಂದ ಆರು ವಾರ ಮೊದಲು ಯೂರಿಯಾದಂಥ ಸಾರಜನಕ ಗೊಬ್ಬರ ನಿಲ್ಲಿಸಿ, ಸಸಿಯನ್ನು ನೆರಳಿನಿಂದ ಮೊದಲು ಬೆಳಗಿನ ಬಿಸಿಲಿಗೆ, ಕ್ರಮೇಣ ಪೂರ್ಣ ಬಿಸಿಲಿಗೆ ತನ್ನಿ. ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಭಾಗದಲ್ಲಿ ಇಲ್ಲಿ ಅವಸರ ಸಲ್ಲದು.

ಅನಂತರ ನೀರುಣಿಸುವ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ; ಕೊಡುವ ದಿನ ಮಾತ್ರ ಚೀಲದ ತಳ ತೋಯುವಷ್ಟು ಕೊಡಿ. ಎಷ್ಟು ಕಾಯಬೇಕೆಂಬುದನ್ನು ಬೆಳಗಿನ ಜಾವದ ಎಲೆ ತಿಳಿಸುತ್ತದೆ. ಮಧ್ಯಾಹ್ನ ಜೋತುಬಿದ್ದ ಎಲೆ ಸೂರ್ಯೋದಯದ ಹೊತ್ತಿಗೆ ನೆಟ್ಟಗಾಗಿದ್ದರೆ ಚಿಂತೆಯಿಲ್ಲ. ರಾತ್ರಿ ಕಳೆದರೂ ಬಾಡಿಯೇ ಇದ್ದರೆ ಕೂಡಲೇ ನೀರುಣಿಸಿ. ಎಲ್ಲ ಪರೀಕ್ಷೆಗಳಿಗಿಂತ ಇದನ್ನೇ ನಾನು ಹೆಚ್ಚು ನಂಬುತ್ತೇನೆ. ಚೀಲಗಳನ್ನು ಆಗಾಗ ಜರುಗಿಸಿದರೆ ನೆಲಕ್ಕಿಳಿದ ಬೇರು ತುಂಡಾಗಿ ಒಳಗೆ ಹೊಸ ಕವಲೊಡೆಯುತ್ತದೆ.

ಮಿರಗದ ಮಳೆಯಿಂದ ಗುಂಡಿಯ ತಳದವರೆಗೆ ಮಣ್ಣು ನೆನೆದ ಮೇಲೆಯೇ ನೆಡಿ. ಹಿಂದಿನ ದಿನ ಸಸಿಗೆ ಚೆನ್ನಾಗಿ ನೀರುಣಿಸಿ, ಚೀಲದ ತಳದಲ್ಲಿ ಸುತ್ತಿಕೊಂಡ ಬೇರನ್ನು ಕತ್ತರಿಸಿ ತೆಗೆಯಿರಿ.

ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಬಸಿದುಹೋಗುತ್ತದೆ. ಎರೆ ಮಣ್ಣು ಹೆಚ್ಚು ನೀರು ಹಿಡಿದರೂ ಅದರ ಒಂದು ಪಾಲನ್ನು ಬೇರಿಗೆ ಬಿಟ್ಟುಕೊಡದಷ್ಟು ಬಿಗಿಯಾಗಿ ಹಿಡಿಯುತ್ತದೆ. ಒಣಗಿದಾಗ ಬಿರುಕುಬಿಟ್ಟು ಎಳೆಯ ಬೇರುಗಳನ್ನು ಹರಿಯುತ್ತದೆ. ಆದ್ದರಿಂದ ಎರಡೂ ಕಡೆ ಬುಡದ ಸುತ್ತ ತೊಗರಿ ಹೊಟ್ಟು ಅಥವಾ ಜೋಳದ ಕಣಿಕೆಯ ಹೊದಿಕೆ ಬೇಕೇ ಬೇಕು, ಕಾಂಡಕ್ಕೆ ತಾಗದಂತೆ. ಮಳೆ ತಡವಾದರೆ ದಿನವೂ ಒಂದು ಚೊಂಬು ಸುರಿಯುವ ಬದಲು ಕೆಲವು ದಿನ ಬಿಟ್ಟು ಆಳಕ್ಕಿಳಿಯುವಂತೆ ಕೊಟ್ಟರೆ ಬೇರೂ ಕೆಳಗಿಳಿಯುತ್ತದೆ.

ಎಲೆಯೆಲ್ಲ ಉದುರಿದ ಸಸಿಯನ್ನು ಕಿತ್ತೆಸೆಯುವ ಮೊದಲು ಕಾಂಡದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಅದು ನೀರು ಉಳಿಸಲೆಂದೇ ಎಲೆ ಬಿಟ್ಟಿರಬಹುದು; ಬುಡ ನೆನೆಯುವಂತೆ ನೀರುಣಿಸಿ, ಕೆಲವು ವಾರ ಕಾಯಿರಿ.