ಅಪ್ಪನಿಗೆ ನೆತ್ತಿಗೆ ಹತ್ತದ ಹಾಗೆ ಊಟ ಮಾಡಿಸಿದ್ದು

ಸ್ಟ್ರೋಕ್ ಆದಾಗ ಅಪ್ಪನ ಎಡಗೈ ಜೊತೆ ನುಂಗುವ ಶಕ್ತಿಯೂ ಕಮ್ಮಿಯಾಯಿತು. ಮೂಗಿನ ಪೈಪ್ ತೆಗೆದ ಮೇಲೆ ಬಾಯಿಗೆ ಊಟ ಕೊಡುವ ಕೆಲಸ ನನ್ನದಾಯಿತು. ಆಸ್ಪಿರೇಷನ್ ಆಗದ ಹಾಗೆ ನೋಡಿಕೊಳ್ಳಿ ಅಂದರು ಡಾಕ್ಟರು. ಅಂದರೆ ತಿಂದದ್ದು, ಕುಡಿದದ್ದು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯುವುದು. ಅದು ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಆಗಬಹುದು.

ನಮಗೆ ನೆತ್ತಿಗೆ ಹತ್ತಿದರೆ ಕೆಮ್ಮು ಬರುತ್ತದೆ. ಪಕ್ಕದಲ್ಲಿದ್ದವರು ತಲೆ ತಟ್ಟಿ, 'ಯಾರೋ ನೆನೆಸ್ಕೊಳ್ತಿದ್ದಾರೆ' ಅಂತಾರೆ, ಅಲ್ಲಿಗೆ ಮುಗೀತು. ಸ್ಟ್ರೋಕ್ ಆದ ಕೆಲವರಿಗೆ ಆ ಕೆಮ್ಮೇ ಬರುವುದಿಲ್ಲ. ಸದ್ದಿಲ್ಲದೆ ಒಳಗೆ ಹೋಗಿಬಿಡುತ್ತದೆ. ಅದಕ್ಕೇ ಎರಡು ಚಮಚಕ್ಕೊಮ್ಮೆ ಅಪ್ಪನ ಕೈಲಿ 'ಆ' ಅನ್ನಿಸುತ್ತಿದ್ದೆ. ದನಿ ಗೊರಗೊರ ಅಂದರೆ ಗಂಟಲಲ್ಲಿ ಏನೋ ಉಳಿದಿದೆ ಅಂತ. ಕೆಮ್ಮಿಸಿ, ಇನ್ನೊಮ್ಮೆ ಬರೀ ಎಂಜಲು ನುಂಗಿಸಿ, ದನಿ ತಿಳಿಯಾದ ಮೇಲೇ ಮುಂದಿನ ಚಮಚ. ಊಟ ಮುಗಿಯುವವರೆಗೆ ಟಿವಿ ಬಂದ್, ಮಾತೂ ಬಂದ್.

ಎಲ್ಲಕ್ಕಿಂತ ಕಷ್ಟ ನೀರು. ತೆಳ್ಳಗಿರುವುದರಿಂದ, ಶ್ವಾಸನಾಳ ಮುಚ್ಚಿಕೊಳ್ಳುವ ಮೊದಲೇ ಸರ್ರನೆ ಜಾರುತ್ತದೆ. ನೋಡಲು ಬಂದ ನೆಂಟರಿಗೆ ಇದು ಅರ್ಥವಾಗುತ್ತಿರಲಿಲ್ಲ. 'ಪಾಪ, ಎರಡು ಗುಟುಕು ನೀರು ಕೊಡಮ್ಮಾ' ಅನ್ನುವರು. ಚೊಂಬು ಅಡುಗೆಮನೆಗೆ ಸೇರಿಸಿಬಿಟ್ಟೆ! ನುಂಗುವ ತೊಂದರೆ ನೋಡುವ ಥೆರಪಿಸ್ಟ್ ಹೇಳಿದ ಪುಡಿ ಬೆರೆಸಿ ನೀರನ್ನು ಗಟ್ಟಿ ಮಾಡಿ ಕೊಡುತ್ತಿದ್ದೆ. ರಾಗಿ ಗಂಜಿಯನ್ನು ಗಂಟಿಲ್ಲದ ಹಾಗೆ ಸೋಸುತ್ತಿದ್ದೆ. ಚಮಚ ಓರೆ ಮಾಡಿದಾಗ ಗಂಜಿ ಧಾರೆಯಾಗಿ ಸುರಿಯಬಾರದು, ಮೆಲ್ಲಗೆ ಜಾರಬೇಕು. ತಿಳಿಸಾರನ್ನ ಮೆತ್ತಗಿರುತ್ತೆ, ಪರವಾಗಿಲ್ಲ ಅನಿಸುತ್ತೆ ಅಲ್ವಾ? ಬಾಯಲ್ಲಿ ಅನ್ನ ಉಳಿದು ಸಾರು ಮೊದಲೇ ಹಿಂದಕ್ಕೆ ಹರಿಯುತ್ತದೆ, ಅದೇ ತೊಂದರೆ. ಎರಡನ್ನೂ ಮಿಕ್ಸಿಗೆ ಹಾಕಿ ಒಂದೇ ಹದ ಮಾಡಿದೆ. ಮುದ್ದೆಗೆ ಅಪ್ಪ ತುಂಬಾ ಹಟ ಮಾಡಿದರು. ಅಗಿಯದೆ ನುಂಗುವ ಊಟ ಅದು, ಕೊಡಲಿಲ್ಲ.

ಕೂರಿಸುವಾಗ ಬೆನ್ನು ನೆಟ್ಟಗೆ, ಎಡಪಕ್ಕಕ್ಕೆ ದಿಂಬು. ನಿಂತುಕೊಂಡು ತಿನ್ನಿಸಿದರೆ ಅವರು ತಲೆ ಎತ್ತುತ್ತಾರೆ, ಆಗ ತಪ್ಪು ದಾರಿಗೆ ಇಳಿಯುವುದು ಸುಲಭ. ಹಾಗಾಗಿ ನಾನು ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಗದ್ದ ಎದೆ ಕಡೆ ಬಗ್ಗಿಸಿ ನುಂಗಲು ಥೆರಪಿಸ್ಟ್ ಹೇಳಿಕೊಟ್ಟಿದ್ದರು. ಅದು ಅಪ್ಪನಿಗೆ ಪರೀಕ್ಷೆ ಮಾಡಿ ಹೇಳಿದ್ದು, ಎಲ್ಲರಿಗೂ ಹೊಂದುವುದಿಲ್ಲ. ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಪುಡಿ ಮಾಡುತ್ತಿರಲಿಲ್ಲ.

ಊಟವಾದ ಮೇಲೆ ಅರ್ಧ ಗಂಟೆ ಮಲಗಿಸುತ್ತಿರಲಿಲ್ಲ. ಎಡಗೆನ್ನೆಯೊಳಗೆ ತುತ್ತು ಉಳಿದಿರುತ್ತಿತ್ತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಒದ್ದೆ ಬಟ್ಟೆ ಸುತ್ತಿದ ಬೆರಳಿಂದ ತೆಗೆದು, ಮೆತ್ತನೆ ಬ್ರಷ್‌ನಿಂದ ಹಲ್ಲು, ನಾಲಿಗೆ ಉಜ್ಜುತ್ತಿದ್ದೆ. ಎಂಜಲು ಕೂಡ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿ ಕೊಳಕಾಗಿದ್ದರೆ ಅಲ್ಲಿನ ಬ್ಯಾಕ್ಟೀರಿಯಾ ಅದರ ಜೊತೆಗೇ ಹೋಗುತ್ತದೆ. ಹಲ್ಲಿಲ್ಲದವರಿಗೂ ಇದು ತಪ್ಪಿದ್ದಲ್ಲ.